ನಾಲ್ಕನೇ ತಿಂಗಳು ಎಂದುಬಿಟ್ಟೆ!

ತಿಂಗಳಿಗೊಂದರಂತೆ ಆರು ಇಂಜೆಕ್ಷನ್. ಇದೇನು ಮಹಾ! ಹದಿನೈದು ವರ್ಷದಿಂದ ಪ್ರತಿ ತಿಂಗಳೂ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುದುರಿ ಮಲಗಿದವಳು ನಾನು. ಒಂದು ಸೂಜಿಗೆ ಹೆದರುತ್ತೇನೆಯೇ?

ಡಾಕ್ಟರಮ್ಮ ಕಾಗದದ ಮೇಲೆ ಸೀಬೆಹಣ್ಣಿನಂಥ ಚಿತ್ರವೊಂದನ್ನು ಬರೆದು ವಿವರಿಸಿದರು. ಗರ್ಭಕೋಶದ ಒಳಗಷ್ಟೇ ಇರಬೇಕಾದ ಪದರ ನನ್ನಲ್ಲಿ ಹೊರಗೂ ಹಬ್ಬಿಕೊಂಡಿದೆಯಂತೆ. ಹೆಸರು ಎಂಡೊಮೆಟ್ರಿಯೋಸಿಸ್. ಇಂಜೆಕ್ಷನ್ ಕೊಟ್ಟರೆ ಮುಟ್ಟು ನಿಲ್ಲುತ್ತದೆ, ನೋವು ತಗ್ಗುತ್ತದೆ. ಆದರೆ ಅಷ್ಟು ದಿನ ಮೈ ಐವತ್ತು ದಾಟಿದವರ ಮೈಯಂತೆ ಆಡುತ್ತದೆ. ಇದ್ದಕ್ಕಿದ್ದಂತೆ ಬಿಸಿ ಏರುತ್ತದೆ, ಕೀಲುಗಳು ನೋಯುತ್ತವೆ, ತೂಕ ಹೆಚ್ಚಬಹುದು, ಕಾರಣವಿಲ್ಲದೆ ಅಳು ಬರಬಹುದು. ನಾನು ಗಂಭೀರವಾಗಿ ತಲೆಯಾಡಿಸಿದೆ.

“ಮತ್ತೆ, ಮಗು?” ಎಂದು ಕೇಳಿದ್ದು ನಾನಲ್ಲ, ನನ್ನ ಗಂಡ ಶ್ರೀಧರ. ನಮ್ಮ ಮದುವೆಯಾಗಿ ಎಂಟು ವರ್ಷ. ಕೇಳುವ ಧೈರ್ಯ ನನಗೆ ಮುಗಿದುಹೋಗಿತ್ತು.

ಇಂಜೆಕ್ಷನ್ ಮುಗಿಯುವವರೆಗೆ ಆ ಪ್ರಯತ್ನ ಬೇಡ, ಆಮೇಲೆ ನೋಡೋಣ ಎಂದರು ಡಾಕ್ಟರಮ್ಮ. ಆ ‘ಆಮೇಲೆ ನೋಡೋಣ’ವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಾನು ಘಾಟ್ಕೋಪರಿನ ಮನೆಗೆ ಬಂದೆ.

ಮೈಸೂರಿನಲ್ಲಿ ಹುಟ್ಟಿ, ಮುಂಬೈಯ ಮೇ ತಿಂಗಳನ್ನು ಅರಗಿಸಿಕೊಂಡವಳಿಗೆ ಬಿಸಿಯ ಭಯವೇ ಎಂದುಕೊಂಡಿದ್ದೆ. ಎರಡನೇ ಇಂಜೆಕ್ಷನ್ ಆದ ವಾರ ಆ ಜಂಬ ಕರಗಿತು. ಹೊಟ್ಟೆಯಿಂದ ಹೊರಟ ಕಾವು ಎದೆ, ಕುತ್ತಿಗೆ, ಕಿವಿ ಎಂದು ಒಂದು ಸ್ಟೇಷನ್ನನ್ನೂ ಬಿಡದೆ ನಿಲ್ಲುವ ಸ್ಲೋ ಲೋಕಲ್ ರೈಲಿನಂತೆ ಮೇಲೇರಿತು. ನಾನು ಫ್ರಿಜ್ಜಿನ ಬಾಗಿಲು ತೆರೆದು ತಲೆ ಒಳಗಿಟ್ಟೆ.

“ಏನೇ ಹುಡುಕ್ತಿದೀಯಾ?” ಎಂದ ಶ್ರೀಧರ.

“ಕೊತ್ತಂಬರಿ ಸೊಪ್ಪು.”

“ಕಾಲು ಗಂಟೆಯಿಂದ?”

“ಅರ್ಧ ಕಟ್ಟು ಅಷ್ಟೇ ಇದ್ದದ್ದು. ಸಿಗೋಕೆ ಟೈಮ್ ಬೇಕಲ್ಲ!”

ಮರುದಿನ ತರಕಾರಿಯವನು ಕರಿಬೇವು ಪುಕ್ಕಟೆ ಹಾಕಿದ. ದಿನವೂ ಹಾಕುತ್ತಾನೆ. ಅಂದು ಮಾತ್ರ ಅವನ ಔದಾರ್ಯಕ್ಕೆ ನನ್ನ ಕಣ್ಣಲ್ಲಿ ಗಂಗೆ ಹರಿದಳು. ಅವನು ಗಾಬರಿಯಾಗಿ ಇನ್ನೊಂದು ಹಿಡಿ ಹಾಕಿದ. ನಾನು ಇನ್ನೂ ಜೋರಾಗಿ ಅತ್ತೆ. ಮನೆಗೆ ಬರುವಾಗ ನನ್ನ ಚೀಲದಲ್ಲಿ ತರಕಾರಿಗಿಂತ ಕರಿಬೇವೇ ಹೆಚ್ಚಿತ್ತು.

ಇಷ್ಟರಲ್ಲಿ ಬ್ಲೌಸುಗಳೂ ಮುಷ್ಕರ ಹೂಡಿದವು. ನಮ್ಮ ಬಿಲ್ಡಿಂಗಿನ ಕೆಳಮಹಡಿಯಲ್ಲಿ ಬ್ಲೌಸು ಹೊಲಿಯುವ ಮೆಹರುನ್ ಆಪಾ ಇದ್ದಾರೆ. ವಿಜಾಪುರದವರು. ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಅವರ ಕನ್ನಡಕ್ಕೆ ಈ ಊರಿನ ಗಾಳಿ ತಾಗಿಲ್ಲ. ಐದು ಬ್ಲೌಸುಗಳನ್ನು ಅವರ ಮುಂದೆ ಹರವಿ, ಸಡಿಲ ಮಾಡಿಕೊಡಿ ಎಂದೆ.

ಆಪಾ ಟೇಪು ಹಿಡಿದು ನನ್ನ ಸೊಂಟ ಸುತ್ತಿದರು. ಟೇಪು ನೋಡಿದರು. ನನ್ನ ಮುಖ ನೋಡಿದರು.

“ಈಗ ಒಂದ್ ಇಂಚು ಬಿಚ್ಚತೀನಿ, ಬೇಟಿ. ಮುಂದ ಮತ್ತ ಬಾ” ಎಂದು ನಕ್ಕರು. ಆ ನಗುವಿನ ಅರ್ಥ ನನಗಾಗಲಿಲ್ಲ. ಪಾಪ, ಒಳ್ಳೆಯ ಹೆಂಗಸು ಎಂದುಕೊಂಡು ಮೆಟ್ಟಿಲು ಹತ್ತಿದೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ನನ್ನ ಆಫೀಸು ಊರಿನ ಆ ತುದಿಯ ಫೋರ್ಟಿನಲ್ಲಿ. ದಿನವೂ ಠಾಣೆಯಿಂದ ಬರುವ ಎಂಟು ನಲವತ್ತೆರಡರ ಲೋಕಲ್, ಲೇಡೀಸ್ ಡಬ್ಬಿ. ಘಾಟ್ಕೋಪರಿನಲ್ಲಿ ಹತ್ತುವವರಿಗೆ ಸೀಟು ಸಿಗುವುದೆಂದರೆ ಪೂರ್ವಜನ್ಮದ ಪುಣ್ಯ. ಯಾರು ಎಲ್ಲಿ ಇಳಿಯುತ್ತಾರೆಂದು ಕೇಳಿ, ಆ ಜಾಗ ನನಗೆ ಎಂದು ಮೊದಲೇ ಹೇಳಿಟ್ಟುಕೊಳ್ಳಬೇಕು. ಇಲ್ಲವೇ ಮೂರು ಜನರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಮೈ ಊರಬೇಕು. ಒಂದು ದಿನ ಕಿಟಕಿಯಿಂದ ದೂರ, ನಿಂತವರ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಕಾವು ಏರಿತು. ಬೆವರು ಇಳಿಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ.

“ಅಗ, ಬಸ ಬಸ!” ಎಂದು ಒಬ್ಬರು ಎದ್ದು ನನ್ನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ಠಾಣೆಯಲ್ಲಿ ಹತ್ತುವ ಶಾಲನ್ ಕಾಕು; ಡಬ್ಬಿಗೆಲ್ಲ ಅವರು ಕಾಕು, ಚಿಕ್ಕಮ್ಮ. ಎಂಟು ವರ್ಷದಿಂದ ಅದೇ ಡಬ್ಬಿಯಲ್ಲಿ ನೋಡುತ್ತಿದ್ದೆ, ಅವರು ಯಾರಿಗೂ ಅರ್ಧ ಅಂಗುಲ ಸರಿದವರಲ್ಲ! ಬಗ್ಗಿ ಮೆಲ್ಲಗೆ ಕೇಳಿದರು: “ಕಿತವಾ ಮಹಿನಾ?” ಎಷ್ಟನೇ ತಿಂಗಳು?

ಇಲ್ಲ ಕಾಕು, ಇದು ಇಂಜೆಕ್ಷನ್ನಿನ ಪ್ರಭಾವ ಎನ್ನಬೇಕಿತ್ತು. ನನಗೆ ಬಾಯಿದೆ, ಮರಾಠಿಯೂ ತಕ್ಕಮಟ್ಟಿಗೆ ಬರುತ್ತದೆ.

“ಚೌಥಾ” ಎಂದೆ. ನಾಲ್ಕನೇದು!

ಸೀಟಿಗಾಗಿ ಹೇಳಿದೆ ಎಂದು ಮೊದಲ ದಿನ ನನ್ನನ್ನು ನಾನೇ ನಂಬಿಸಿಕೊಂಡೆ. ಎರಡನೆಯ ದಿನ ಕಾಕು ನನ್ನನ್ನು ಕಂಡೊಡನೆ ಎದ್ದು ಜಾಗ ಬಿಟ್ಟರು. ಮೂರನೆಯ ದಿನ ಒಬ್ಬರು ಉಪ್ಪು ಹಚ್ಚಿದ ನೆಲ್ಲಿಕಾಯಿ ತಂದರು. ನಾಲ್ಕನೆಯ ದಿನ ಎದುರು ಸೀಟಿನವರು ತಮ್ಮ ಮಗಳ ಹೆರಿಗೆಯ ಕಥೆಯನ್ನು ಕುರ್ಲಾ ಸ್ಟೇಷನ್ನಿನಿಂದ ಭಾಯಖಳದವರೆಗೆ ಹೇಳಿದರು. ನಾನು ತಜ್ಞೆಯಂತೆ ನಡುನಡುವೆ ಪ್ರಶ್ನೆ ಕೇಳಿದೆ. ಎಂಟು ವರ್ಷ ಆ ಡಬ್ಬಿಯಲ್ಲಿ ಮಕ್ಕಳ ಟ್ಯೂಷನ್, ಮಕ್ಕಳ ಜ್ವರ, ಮಕ್ಕಳ ಹಟದ ಮಾತು ನನ್ನ ತಲೆಯ ಮೇಲಿಂದಲೇ ಹಾದುಹೋಗುತ್ತಿತ್ತು. ಈಗ ಆ ಮಾತಿನ ನಡುವೆ ನನಗೂ ಒಂದು ಜಾಗ. ಹುಡುಗಿಯಾದರೆ ಏನು ಹೆಸರಿಡುತ್ತೀ ಎಂದು ಒಬ್ಬರು ಕೇಳಿದಾಗ ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ. ಆ ಹೆಸರು ಎಂಟು ವರ್ಷದಿಂದ ನನ್ನಲ್ಲಿ ಸಿದ್ಧವಾಗಿತ್ತು. ನಿಜ ಹೇಳುತ್ತೇನೆ, ಆ ಮೂರು ವಾರ ನಾನು ತುಂಬ ಸಂತೋಷವಾಗಿದ್ದೆ. ಭಾನುವಾರ ಬಂದರೆ ಬೇಸರವಾಗುತ್ತಿತ್ತು. ಮುಂಬೈಯಲ್ಲಿ ಲೋಕಲ್ ರೈಲಿಗಾಗಿ ಹಂಬಲಿಸಿದ ಪ್ರಥಮ ಮಹಿಳೆ ಎಂಬ ಬಿರುದನ್ನು ನನಗೆ ಧಾರಾಳವಾಗಿ ಕೊಡಬಹುದು.

ಅದೇ ಡಬ್ಬಿಯಲ್ಲಿ ಒಂದು ದಿನ ಮೆಹರುನ್ ಆಪಾ ಬಾಗಿಲ ಬಳಿ ನಿಂತಿದ್ದರು. ಬ್ಲೌಸಿನ ಒಳಗೆ ಹಾಕುವ ಅಸ್ತರು ಬಟ್ಟೆ ತರಲು ಹೊರಟಿದ್ದರಂತೆ. ನನ್ನ ಕೈಯಲ್ಲಿ ನೆಲ್ಲಿಕಾಯಿ, ಪಕ್ಕದಲ್ಲಿ ಕಾಕು. ಆಪಾ ಎಲ್ಲವನ್ನೂ ನೋಡಿ ಕಣ್ಣಲ್ಲೇ ನಕ್ಕು ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದುಹೋದರು. ಬಚಾವಾದೆ ಎಂದುಕೊಂಡೆ!

ಮುಂದಿನ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಬೆಲ್ ಸದ್ದಾಯಿತು. ಬಾಗಿಲು ತೆರೆದರೆ ಆಪಾ, ಸೆರಗಿನಡಿಯಲ್ಲಿ ಏನನ್ನೋ ಮುಚ್ಚಿಕೊಂಡು ಆಚೀಚೆ ನೋಡುತ್ತ ಒಳಗೆ ನುಸುಳಿದರು. ಬಾಗಿಲ ಚಿಲಕವನ್ನೂ ತಾವೇ ಹಾಕಿದರು. ಒಂದು ತಟ್ಟೆ ಹೊರಬಂತು. ಅದರಲ್ಲಿ ಹಸಿರು ಬಳೆ, ಹೂವು, ಕೊಬ್ಬರಿ ಬಟ್ಟಲು, ನಡುವೆ ಮಡಿಸಿಟ್ಟ ಹೊಸ ಹಸಿರು ಬ್ಲೌಸು.

“ಇದೇನು ಆಪಾ?”

“ಕಳ್ಳ ಕುಬಸ. ನಿಮ್ಮ ಮೈಸೂರ ಕಡಿ ಇಲ್ಲೇನು? ನಮ್ಮ ವಿಜಾಪುರದಾಗ ಹಿಂದೂ ಮಂದಿ ಮನಿಯಾಗ ಮಾಡ್ತಾರ. ಮೊದಲ ಸಲ ಬಸರಾದ ಹೆಣ್ಮಗಳಿಗೆ ಯಾರಿಗೂ ಗೊತ್ತಾಗದಂಗ ಹಸರ ಕುಬಸ ತೊಡಸೋದು. ಅಲ್ಲಿದ್ದಾಗ ಎಷ್ಟ್ ಮಂದಿಗೆ ಹೊಲದ ಕೊಟ್ಟೀನಿ! ನಿನ್ನ ತವರಮನಿ ದೂರ ಐತಿ. ಅದಕ್ಕ ನಾ ತಂದೆ.”

ಆಪಾ ಬ್ಲೌಸನ್ನು ತಿರುವಿ ಒಳಭಾಗ ತೋರಿಸಿದರು.

“ನೋಡಿಲ್ಲೆ, ಮೂರ್ ಹೊಲಗಿ ಹಾಕೀನಿ. ಹೊಟ್ಟಿ ಬಂದಂಗ ಒಂದೊಂದ ಬಿಚ್ಚು. ಒಂಬತ್ತ ತಿಂಗಳ ತನಕಾ ನಡೀತೈತಿ.”

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಶ್ರೀಧರ ಮೊಸರನ್ನದ ಕೈಯಲ್ಲೇ ಎದ್ದು ನಿಂತಿದ್ದ. ಇಂಜೆಕ್ಷನ್ನಿಗೆ ಪ್ರತಿ ಸಲ ನನ್ನ ಜೊತೆ ಬಂದವನು ಅವನೇ. ಇಂಜೆಕ್ಷನ್ ನಡೆಯುವಾಗ ಬಸಿರು ಆಗುವುದಿಲ್ಲವೆಂದು ನನ್ನಷ್ಟೇ ಬಲ್ಲವನು. ಆದರೂ ಅವನ ಮುಖ ಬೆಳಗಿತ್ತು.

“ನಿಜವೇನೇ?” ಎಂದ.

ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಎಂದರೆ ಅದು. ರೈಲಿನಲ್ಲಿ ಅಷ್ಟು ಸರಾಗವಾಗಿ ಮಾತಾಡಿದವಳಿಗೆ ಈಗ ‘ಇಲ್ಲ’ ಎಂಬ ಎರಡಕ್ಷರವೇ ಬೆಟ್ಟವಾಯಿತು. ಸಾಲದ್ದಕ್ಕೆ ಅದೇ ಹೊತ್ತಿಗೆ ಕಾವೂ ಏರಿತು! ಕಣ್ಣೀರು ಯಾವುದು, ಬೆವರು ಯಾವುದು ಎಂದು ತಿಳಿಯದಂತೆ ತೊಯ್ದುಹೋಗಿ, ಇಂಜೆಕ್ಷನ್ನಿನಿಂದ ಹಿಡಿದು ನೆಲ್ಲಿಕಾಯಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ.

ಆಪಾ ಹಣೆ ಚಚ್ಚಿಕೊಂಡರು.

“ಅರೆ ಪಗಲಿ! ನಾಕನೇದ್ದು ಅಂತ ಹೇಳಿದಿ. ಅದರ ಮುಂದ ಐದು ಬರತೈತಿ, ಆರು ಬರತೈತಿ. ಒಂಬತ್ತರಾಗ ಏನ್ ತೋರಸಾಕಿ ಇದ್ದಿ, ಹೊಟ್ಟಿ ಮ್ಯಾಲೆ ಕಟ್ಟಿದ ಹಿತ್ತಾಳಿ ಡಬರಿಯೇನು?”

ಶ್ರೀಧರ ನಕ್ಕುಬಿಟ್ಟ. ನಕ್ಕವನು ಬೇಗ ಸಿಂಕಿನ ಕಡೆ ತಿರುಗಿ ಬಹಳ ಹೊತ್ತು ಕೈ ತೊಳೆದ.

ನಾನು ತಟ್ಟೆಯನ್ನು ಆಪಾ ಕಡೆಗೆ ಸರಿಸಿದೆ. ಆಪಾ ಮತ್ತೆ ನನ್ನ ಕಡೆಗೇ ದೂಡಿದರು. “ಹೊಲದದ್ದ ವಾಪಸ್ ತಗೊಳ್ಳೂದಿಲ್ಲ ನಾ. ಇಟ್ಕೊ. ಅಲ್ಲಾ ಕೊಟ್ಟ ದಿನ ಹಾಕ್ಕೊ” ಎಂದು, ಬಂದಷ್ಟೇ ಕಳ್ಳತನದಿಂದ ಹೊರಟುಹೋದರು.

ಅವರು ಹೋದ ಮೇಲೆ ಶ್ರೀಧರ ಪಕ್ಕದಲ್ಲಿ ಕೂತ. “ಒಂದೇ ಒಂದು ಕ್ಷಣ ಕಣೇ, ನಾನೂ ನಂಬಿಬಿಟ್ಟೆ” ಎಂದ. ತಟ್ಟೆಯ ಹಸಿರು ಬಳೆಯೊಂದನ್ನು ಎತ್ತಿ ತಿರುಗಿಸುತ್ತ, “ರೈಲಲ್ಲಿ ಹೆಸರು ಹೇಳ್ದೆ ಅಂದ್ಯಲ್ಲ, ಏನಂತ ಹೇಳ್ದೆ?” ಎಂದು ಕೇಳಿದ. ಹೇಳಿದೆ. ಚೆನ್ನಾಗಿದೆ ಎಂದ. ಅನ್ನ ಆರಿಹೋಗಿತ್ತು, ಹಾಗೆಯೇ ಉಂಡೆವು.

ಸೋಮವಾರ ಬೆಳಿಗ್ಗೆ ಇನ್ನು ಸತ್ಯವೇ ಸರಿ ಎಂದು ಪ್ರತಿಜ್ಞೆ ಮಾಡಿ ರೈಲು ಹತ್ತಿದೆ. ಕಾಕು ಎಂದಿನಂತೆ ಎದ್ದು ಜಾಗ ಕೊಟ್ಟರು. ಕೂತೆ. ವಿದ್ಯಾವಿಹಾರ ದಾಟುವವರೆಗೆ ಧೈರ್ಯ ಬರಲಿಲ್ಲ. ಕುರ್ಲಾ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ನನ್ನ ಹರುಕುಮುರುಕು ಮರಾಠಿಯಲ್ಲಿ ಹೇಳಿಬಿಟ್ಟೆ. ಮಗು ಇಲ್ಲ ಕಾಕು. ಇರಲೂ ಇಲ್ಲ. ಕಾಯಿಲೆಯಿದೆ, ಇಂಜೆಕ್ಷನ್ ನಡೆಯುತ್ತಿದೆ. ಆಸೆಯಾಯಿತು, ಹೇಳಿಬಿಟ್ಟೆ.

ಡಬ್ಬಿ ನಿಶ್ಶಬ್ದವಾಯಿತು. ಲೇಡೀಸ್ ಡಬ್ಬಿ, ಬೆಳಗಿನ ಹೊತ್ತು, ನಿಶ್ಶಬ್ದ! ಕಾಕು ನನ್ನನ್ನು ದೀರ್ಘವಾಗಿ ನೋಡಿದರು. ಬೈಯುತ್ತಾರೆಯೇ, ಅಪ್ಪಿಕೊಳ್ಳುತ್ತಾರೆಯೇ ಎಂದು ನಾನು ಎರಡಕ್ಕೂ ಸಿದ್ಧಳಾದೆ.

“ಮಗ ಊಠ” ಎಂದರು ಕಾಕು. ಹಾಗಾದರೆ ಏಳು!

ಎದ್ದೆ. ಅವರು ಕೂತರು. ಸೆರಗು ಸರಿಮಾಡಿಕೊಂಡರು. ಸಯನ್ ಬಂತು, ಮಾಟುಂಗಾ ಬಂತು. ದಾದರಿನಲ್ಲಿ ಜನ ನುಗ್ಗಿ ನಾನು ಅವರ ಮೊಣಕಾಲಿಗೆ ಒತ್ತಿಕೊಂಡು ನಿಂತಾಗ, ಕಾಕು ತಲೆಯೆತ್ತದೆ ಕೇಳಿದರು, ಇನ್ನೆಷ್ಟು ಇಂಜೆಕ್ಷನ್ ಬಾಕಿ ಎಂದು. ಮೂರು ಎಂದೆ. ಆಮೇಲೆ? ಆಮೇಲೆ ನೋಡೋಣ ಅಂದಿದ್ದಾರೆ ಡಾಕ್ಟರು ಎಂದೆ.

“ಹಂ” ಎಂದು ಕಾಕು ನನ್ನ ಹೆಗಲಿನಿಂದ ಬ್ಯಾಗು ಎಳೆದು ಮಡಿಲಲ್ಲಿ ಕೂರಿಸಿಕೊಂಡು, ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡರು. ಕೊನೆಯ ಸ್ಟೇಷನ್ನಿನವರೆಗೂ ಹಾಗೆಯೇ ಹಿಡಿದಿದ್ದರು. ನಾನು ಒಂಟಿ ಕಾಲಿನಲ್ಲಿ ನೇತಾಡುತ್ತ, ಬೆವರು ಸುರಿಸುತ್ತ, ಚಪಾತಿ ಡಬ್ಬಿ ತುಂಬಿದ ನನ್ನದೇ ಬ್ಯಾಗಿನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಫೋರ್ಟು ಸೇರಿದೆ.