ನಮ್ಮ ಮನೆಯ ಹೆಪ್ಪಿನ ಶುದ್ಧೀಕರಣ

ಗೌರೀ, ಶಿವೂ, ಈ ಅಜ್ಜಿಯ ಮೊಸರಿಗೆ ಮೊದಲಿನ ರುಚಿ ಏಕಿಲ್ಲ ಎಂದು ಕಳೆದ ಸಲ ಇಬ್ಬರೂ ಕೇಳಿದಿರಿ. "ಎಮ್ಮಿ ಮೇವು ಬದಲಾಗೇತಿ" ಎಂದೆ. ಸುಳ್ಳು. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಪಾಪ, ಎಮ್ಮೆಯ ತಪ್ಪೇನೂ ಇಲ್ಲ!

ನಾನು ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ನನ್ನ ಕೈಗೆ ಕೊಟ್ಟದ್ದು ಮೊಸರಿನ ಗಡಿಗೆ. ನಿನ್ನೆಯ ಮೊಸರೇ ಇವತ್ತಿನ ಹಾಲಿಗೆ ಹೆಪ್ಪು. ಒಂದು ದಿನವೂ ತಪ್ಪಿರಲಿಲ್ಲ. ನಿಮ್ಮ ಅಜ್ಜನ ಗಂಟಲಲ್ಲಿ ಕೊನೆಗೆ ಇಳಿದದ್ದೂ ಆ ಮೊಸರಿನ ಎರಡು ಗುಟುಕು ಮಜ್ಜಿಗೆಯೇ. ಅವರು ಹೋದ ಮೇಲೆ ಆ ಹೆಪ್ಪನ್ನು ಯಾರಿಗೂ ಕೊಡಲು ನನಗೆ ಮನಸ್ಸಾಗಲಿಲ್ಲ. ಪಕ್ಕದ ಮನೆಯ ಶಾಂತವ್ವ ಬಟ್ಟಲು ಹಿಡಿದು ಬಂದರೆ "ಇವತ್ತು ಶುಕ್ರವಾರ" ಎಂದೆ. ಮರುದಿನ ಬಂದಳು. "ಇವತ್ತು ಶನಿವಾರ" ಎಂದೆ!

ಶಾಂತವ್ವನ ತಂಗಿಯ ಮಗಳು ರೇಖಾ ಗದಗಿನ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಒಂದು ದಿನ ಬಂದು ಕೇಳಿದಳು: "ಅಜ್ಜೀ, ನಿಮ್ಮ ಹಳೇ ಹೆಪ್ಪಿನ್ಯಾಗ ಎಂಥಾ ಸೂಕ್ಷ್ಮಜೀವಿ ಅದಾವು, ಅವುಗಳ ಕಿಣ್ವ ಏನ್ ಕೆಲಸ ಮಾಡ್ತಾವು ನೋಡ್ಬೇಕ್ರಿ. ಸೋಮವಾರ ಬಾಟ್ಲಿ ತಗೊಂಡ್ ಬರ್ತೀನ್ರಿ."

ತಲೆ ಆಡಿಸಿದೆ. ನಮ್ಮ ಮೊಸರಿನಲ್ಲಿ ಜೀವಿಗಳೇ! ಕಾಲೇಜಿನವರು ನೋಡಿದರೆ ಮನೆತನದ ಮರ್ಯಾದೆ ಏನಾಗಬೇಕು? ಅವು ಏನು ಎಂದು ಅವಳನ್ನೇ ಕೇಳಬಹುದಿತ್ತು. ಓದಿದ ಹುಡುಗಿಯ ಮುಂದೆ ದಡ್ಡಿ ಎನಿಸಿಕೊಳ್ಳುವುದು ಬೇಡವೆನಿಸಿತು.

ಸೋಮವಾರ ಬೆಳಿಗ್ಗೆ ಸ್ವಚ್ಛತಾ ಕಾರ್ಯ ವಿಧಿವತ್ತಾಗಿ ಆರಂಭವಾಯಿತು. ಗಡಿಗೆಯನ್ನು ಬೂದಿಯಿಂದ ತಿಕ್ಕಿದೆ. ಸೋಡಾ ಹಾಕಿ ತಿಕ್ಕಿದೆ. ಕುದಿಯುವ ನೀರು ಸುರಿದು ಬಿಸಿಲಿಗೆ ಬೋರಲು ಹಾಕಿದೆ. ಇನ್ನು ಮೊಸರು! ಇದ್ದದ್ದನ್ನೆಲ್ಲ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟು ಕೊತಕೊತ ಕುದಿಸಿದೆ. ಒಡೆದು ನೀರೇ ಬೇರೆ, ಗಂಟೇ ಬೇರೆ ಆಯಿತು. ಬಟ್ಟೆಯಲ್ಲಿ ಸೋಸಿ ಗಂಟನ್ನು ಡಬ್ಬಿಗೆ ತುಂಬಿದೆ.

ರೇಖಾ ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಇದೇನ್ರಿ ಅಜ್ಜೀ?"

"ಚಲೋ ಕುದಿಸೇನಿ ತಂಗೀ. ಹುಡುಕಿದ್ರೂ ಒಂದ್ ಹುಳ ಸಿಗಂಗಿಲ್ಲ!"

"ಅಜ್ಜೀ... ಹಾಲು ಮೊಸರಾಗೋದ ಅವುಗಳಿಂದ್ರಿ. ನನಗ ಬೇಕಾಗಿದ್ದೂ ಅವ." ಡಬ್ಬಿ ಮುಚ್ಚಿ, "ಈ ಹೆಪ್ಪು ಬ್ಯಾರೆ ಯಾರಿಗರೆ ಕೊಟ್ಟೀರೇನ್ರಿ?" ಎಂದಳು.

ನನಗೆ ಶುಕ್ರವಾರ ನೆನಪಾಯಿತು. ಶನಿವಾರವೂ ನೆನಪಾಯಿತು.

ಶಾಂತವ್ವ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು. "ಅಕ್ಕಾರ, ಅವತ್ತ ನನಗೊಂದ್ ಚಮಚಾ ಕೊಟ್ಟಿದ್ರ, ಇವತ್ತ ನಿಮಗ ನಾನ ಕೊಡ್ತಿದ್ದೆ!"

ಡಬ್ಬಿಯೊಳಗಿನದನ್ನು ಒಂದಿಷ್ಟು ಬೆಚ್ಚಗಿನ ಹಾಲಿಗೆ ಹಾಕಿ ಮರುದಿನದವರೆಗೂ ಕಾದೆ. ಹಾಲು ಹಾಲಾಗಿಯೇ ಇತ್ತು. ಕೊನೆಗೆ ನಾನೇ ಬಟ್ಟಲು ಹಿಡಿದು ಶಾಂತವ್ವನ ಬಾಗಿಲಿಗೆ ಹೋದೆ. ಅವಳು ವಾರ ಕೇಳಲಿಲ್ಲ. ಬಟ್ಟಲು ತುಂಬ ಕೊಟ್ಟಳು. ಮೊಸರು ಚೆನ್ನಾಗಿಯೇ ಹೆಪ್ಪುಗಟ್ಟಿತು. ಆದರೆ ಅದು ನಿಮ್ಮ ಅಜ್ಜ ಉಂಡ ಮೊಸರಲ್ಲ. ಅವರಿಲ್ಲದೆಯೂ ದಿನಾ ಜೀವ ಹಿಡಿದುಕೊಂಡು ಬಂದದ್ದು ಮನೆಯಲ್ಲಿ ಅದೊಂದೇ ಇತ್ತು. ಅದನ್ನು ನಾನೇ, ಇಷ್ಟು ಶುಚಿಯಾಗಿ, ಕೊಂದೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕೇಳಿದವರಿಗೆ ಕೊಡಿ, ಯಾವ ವಾರವಾದರೂ ಸರಿ. ಮೇಲೆ ಮಜ್ಜಿಗೆಯ ಕಲೆ ಇದೆ, ಇರಲಿ. ನಿಮ್ಮ ಅಜ್ಜಿಯ ಹಾಗೆ ಒರೆಸಲು ಹೋಗಬೇಡಿ!