ಡೈನೋಸಾರಿನ ಅಳತೆ

ಊರಿನ ಅರ್ಧ ಜನರ ಸೊಂಟದ ಸುತ್ತಳತೆಯನ್ನು ಬಾಯಿಪಾಠ ಒಪ್ಪಿಸಬಲ್ಲ ದರ್ಜಿಗೆ ಸ್ವಂತ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಅವನು ಬಾಯಿ ತೆರೆದರೆ ಹೆಂಡತಿ ತಿದ್ದುತ್ತಿದ್ದಳು. ಅವಳು ಕಾಜಾ ಹಾಕುವುದರಲ್ಲಿ ಮುಳುಗಿದ್ದರೆ ಒಂಬತ್ತು ವರ್ಷದ ಮಗಳು ತಿದ್ದುತ್ತಿದ್ದಳು. ಸೂರ್ಯ ಸುತ್ತುತ್ತಾನೆ ಎಂದರೆ ತಪ್ಪು. ಹೋಗಲಿ, ಭೂಮಿ ಸುತ್ತುತ್ತದೆ ಎಂದರೆ ‘ಯಾವುದರ ಸುತ್ತ, ಎಷ್ಟು ದಿನಕ್ಕೆ’ ಎಂಬ ಉಪಪ್ರಶ್ನೆ. ಒಂದೇ ಒಂದು ವಾದದಲ್ಲಿ ಮಗಳನ್ನು ಗೆದ್ದುಬಿಟ್ಟರೆ ಜನ್ಮ ಸಾರ್ಥಕ ಎಂದು ಅವನು ಎಷ್ಟೋ ಸಲ ಹೊಲಿಗೆ ಯಂತ್ರದ ಮುಂದೆ ಕೂತು ನಿಟ್ಟುಸಿರು ಬಿಟ್ಟದ್ದುಂಟು.

ಆ ಸುಯೋಗ ಡೈನೋಸಾರಿನ ರೂಪದಲ್ಲಿ ಬಂತು.

“ಅಪ್ಪಾ, ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಡೈನೋಸಾರ್ ಪಾಠ ಮಾಡ್ಬೇಕು. ಒಂದು ವೇಷ ಹೊಲೀತೀಯಾ? ನೀನೇ ಹಾಕ್ಕೊಂಡು ನಿಂತ್ಕೋಬೇಕು. ಪುಸ್ತಕ ಕೊಡ್ತೀನಿ, ನೋಡ್ಕೊಂಡು ಹೊಲಿ.”

“ಪುಸ್ತಕ ಯಾಕಮ್ಮಾ? ಒಂದು ಸಲ ಕಣ್ಣಲ್ಲಿ ನೋಡಿದ್ರೆ ಸಾಕು, ಅಳತೆ ಹೇಳಿಬಿಡ್ತೀನಿ.”

“ಡೈನೋಸಾರನ್ನ ಯಾವಾಗ ನೋಡಿದ್ರಿ?” ಎಂದಳು ಹೆಂಡತಿ, ಹಲ್ಲಲ್ಲಿ ಕಚ್ಚಿದ್ದ ಸೂಜಿಯನ್ನು ತೆಗೆಯದೆ.

ಇಂಥ ಕ್ಷುದ್ರ ಪ್ರಶ್ನೆ ಮುಗಿಯುವಷ್ಟರಲ್ಲಿ ದರ್ಜಿ ಕತ್ತರಿ ಕೈಗೆತ್ತಿಕೊಂಡಾಗಿತ್ತು. ಗಿರಾಕಿಗಳ ನಾಲ್ಕು ಕುಪ್ಪಸ, ಎರಡು ಪ್ಯಾಂಟು ಮೂಲೆ ಸೇರಿದವು. ಮೂರು ದಿನ ಅಂಗಡಿಯಲ್ಲಿ ಹಸಿರು ಪರದೆ ಬಟ್ಟೆಯದೇ ರಾಜ್ಯಭಾರ. ಬಾಲವೊಂದೇ ಎರಡೂವರೆ ಮೀಟರು, ಒಳಗೆಲ್ಲ ಚೂರು ಬಟ್ಟೆ ತುರುಕಿದ್ದ. ನಡೆದರೆ ಅದು ಒದ್ದೆ ಕಂಬಳಿಯ ಹಾಗೆ ನೆಲ ಒರೆಸಿಕೊಂಡು ಹಿಂದೆ ಬರುತ್ತಿತ್ತು. (ಅಂಗಡಿ ಸ್ವಚ್ಛವಾಯಿತು ಎಂಬುದನ್ನು ಹೆಂಡತಿಯೂ ಒಪ್ಪಿಕೊಂಡಳು.) ಬೆನ್ನಿಗೆ ಎರಡು ರೆಕ್ಕೆ, ಕತ್ತಿನ ಮೇಲೆ ಉಣ್ಣೆಯ ಗಡ್ಡದ ಒಬ್ಬ ಗುಹಾಮಾನವನ ಬೊಂಬೆ.

ಮಗಳು ಅಡಿಕೋಲು ಹಿಡಿದು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದಳು.

“ಬಾಲ ನೆಲಕ್ಕೆ ತಾಗ್ತಿರಲಿಲ್ಲ ಅಪ್ಪಾ. ಹಿಂದಕ್ಕೆ ಎತ್ತಿ ಹಿಡ್ಕೋತಿತ್ತು. ಇಲ್ದಿದ್ರೆ ಮುಂದಕ್ಕೆ ಮುಗ್ಗರಿಸೋದು.”

“ಎತ್ತಿ ಹಿಡಿಯೋಕೆ ಅದಕ್ಕೇನು ನಿಮ್ಮಮ್ಮನ ಥರ ಹಟ ಇತ್ತಾ?”

“ರೆಕ್ಕೆ ಯಾಕೆ? ಆಗಿನ ಕಾಲದಲ್ಲಿ ಚರ್ಮದ ರೆಕ್ಕೆಯಲ್ಲಿ ಹಾರ್ತಿದ್ದದ್ದು ಬೇರೆ ಜಾತಿ. ಅದು ಡೈನೋಸಾರ್ ಅಲ್ಲ.”

“ಬಟ್ಟೆ ಉಳೀತು.”

“ಈ ಗಡ್ಡದವನು ಯಾರು?”

“ಸವಾರ.”

“ಆಗ ಮನುಷ್ಯರೇ ಇರಲಿಲ್ಲ. ಮಧ್ಯೆ ಆರೂವರೆ ಕೋಟಿ ವರ್ಷ ಇದೆ.”

“ಅಷ್ಟು ಹಳೇ ಲೆಕ್ಕ ಯಾರು ಕೆದಕ್ತಾರೆ ಬಿಡಮ್ಮಾ. ನೋಡಿದ ತಕ್ಷಣ ಮಕ್ಕಳು ಡೈನೋಸಾರ್ ಅನ್ಬೇಕು, ಅಷ್ಟೆ. ತಲೆ ಕೆಳಗಾದ್ರೂ ಒಂದು ಹೊಲಿಗೆ ಬಿಚ್ಚಲ್ಲ.”

ಮಗಳು ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

“ಸರಿ ಅಪ್ಪಾ. ಏನೂ ಬದಲಾಯಿಸ್ಬೇಡ. ಹೀಗೇ ಇರಲಿ.”

ದರ್ಜಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಗೆದ್ದ! ಎದೆಯುಬ್ಬಿ ಅಂಗಿಯ ಗುಂಡಿಯೊಂದು ಸಡಿಲಾಯಿತು. ಅದೇ ಹುಮ್ಮಸ್ಸಿನಲ್ಲಿ ಎರಡನೇ ಲೋಟ ಕಾಫಿ ಕೇಳಿದ. ಸಿಕ್ಕಿತು. ಅನುಮಾನ ಆಗಲೇ ಬರಬೇಕಿತ್ತು, ಬರಲಿಲ್ಲ.

ಮರುದಿನ ಶಾಲೆಯ ಪಡಸಾಲೆಯಲ್ಲಿ ಹೆಂಡತಿ ಬೆನ್ನಿನ ಜಿಪ್ ಎಳೆದು ಅವನನ್ನು ಕ್ಲಾಸಿನೊಳಗೆ ಬಿಟ್ಟಳು. ಅವನು ಒಂದು ಗರ್ಜನೆ ಹಾಕಿದ. ಮೂವತ್ತು ಮಕ್ಕಳು ಕಿರುಚಿದರು, ಇಬ್ಬರು ಅತ್ತೇಬಿಟ್ಟರು. ವೃತ್ತಿಜೀವನದಲ್ಲಿ ಇಂಥ ಮೆಚ್ಚುಗೆ ಅವನಿಗೆ ಯಾವ ಗಿರಾಕಿಯಿಂದಲೂ ಸಿಕ್ಕಿರಲಿಲ್ಲ.

“ಹೆದರ್ಬೇಡಿ,” ಎಂದಳು ಮಗಳು. “ಇದು ಡೈನೋಸಾರ್ ಅಲ್ಲ. ಡೈನೋಸಾರ್ ಬಗ್ಗೆ ದೊಡ್ಡವರು ಏನೇನು ತಪ್ಪು ತಿಳ್ಕೊಂಡಿದ್ದಾರೆ ಅಂತ ತೋರಿಸೋಕೆ ನಮ್ಮಪ್ಪನ್ನ ಕರ್ಕೊಂಡು ಬಂದಿದ್ದೀನಿ.”

ವೇಷದೊಳಗೆ ದರ್ಜಿ ಬೆವತುಹೋದ. ಅಡಿಕೋಲು ಬಾಲದ ಮೇಲೆ ಟಪ್ ಎಂದಿತು: ತಪ್ಪು. ರೆಕ್ಕೆ: ತಪ್ಪು. ಸವಾರ: ದೊಡ್ಡ ತಪ್ಪು. ಹಸಿರು ಬಣ್ಣ? ಬಹಳಷ್ಟರ ಬಣ್ಣ ಯಾರಿಗೂ ಗೊತ್ತಿಲ್ಲ, ಕೆಲವಕ್ಕಂತೂ ಮೈಮೇಲೆ ಗರಿಯೇ ಇತ್ತು. ಎಲ್ಲವೂ ಇಷ್ಟು ದಪ್ಪ ಇರಲಿಲ್ಲ, ಕೋಳಿಯಷ್ಟು ಪುಟ್ಟವೂ ಇದ್ದವು. (ಇಲ್ಲಿ ಅಡಿಕೋಲು ಅವನ ಹೊಟ್ಟೆಗೆ ತಿವಿಯಿತು. ಅಲ್ಲಿ ಬಟ್ಟೆ ತುರುಕಿರಲಿಲ್ಲ.) ಮಕ್ಕಳು ಒಂದೊಂದಕ್ಕೂ ರಾಗವಾಗಿ “ತಪ್ಪೂ” ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಂಡತಿಯ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.

“ಡೈನೋಸಾರ್ ಎಲ್ಲಾ ಸತ್ತುಹೋದ್ವು ಅನ್ನೋದೂ ತಪ್ಪು. ಹಕ್ಕಿಗಳು ಅದೇ ವಂಶ. ಕಿಟಕಿಯಲ್ಲಿ ಒಂದು ಕೂತಿದೆ ನೋಡಿ.”

ಮೂವತ್ತು ಮಕ್ಕಳೂ ಹೋ ಎಂದು ಪಾರಿವಾಳ ನೋಡಲು ಓಡಿದರು. ದರ್ಜಿಯ ಮೂರು ದಿನದ ದುಡಿಮೆಯ ಬಾಲವನ್ನು ತುಳಿದುಕೊಂಡೇ ಓಡಿದರು. ಅವನಿಗೆ ನಿಜಕ್ಕೂ ಅಳು ಬಂತು. ಹೊರಗೆ ಬರೋಣವೆಂದರೆ ಜಿಪ್ಪು ಬೆನ್ನಿಗಿತ್ತು, ಕೈ ಎಟುಕಲಿಲ್ಲ.

ಟೀಚರ್ ಕಣ್ಣೊರೆಸಿಕೊಳ್ಳುತ್ತಾ ಬಂದರು. (ನಕ್ಕು ನಕ್ಕು ನೀರು ಬಂದಿತ್ತು.) “ಇಷ್ಟು ಚೆನ್ನಾಗಿ ಯಾವ ಪಾಠವೂ ಆಗಿರಲಿಲ್ಲ ಕಣೇ. ಮುಂದಿನ ತಿಂಗಳು ತಿಮಿಂಗಿಲದ ಪಾಠ ಇದೆ. ನಿಮ್ಮಪ್ಪ ಬರ್ತಾರಾ?”

ಮಗಳು ಅಪ್ಪನ ಹಸಿರು ಪಂಜವನ್ನು ಹೆಮ್ಮೆಯಿಂದ ಹಿಡಿದುಕೊಂಡಳು. “ಬರ್ತಾರೆ ಮಿಸ್. ತಿಮಿಂಗಿಲದ ಬಗ್ಗೆನೂ ನಮ್ಮಪ್ಪನಿಗೆ ಏನೂ ಗೊತ್ತಿಲ್ಲ.”

ಡೈನೋಸಾರಿನ ಹೊಟ್ಟೆಯೊಳಗಿಂದ ರೋಷದ ದನಿಯೊಂದು ಕೇಳಿಸಿತು: “ಯಾಕೆ ಗೊತ್ತಿಲ್ಲ? ಪ್ರಪಂಚದಲ್ಲೇ ದೊಡ್ಡ ಮೀನು ಅದು.”

ಟೀಚರ್ ಡೈರಿ ತೆಗೆದು ತಾರೀಖು ಬರೆದುಕೊಂಡರು.