ಹೆಸರು ಹಿಡಿದು ಕರೆಯಲಾಗದ ನರಿಗೆ ಗುಂಡಿನಿಂದ ವಿನಾಯಿತಿ ಕೋರಿ

ಇಂದ:
ಶ್ರೀಮತಿ ವೇದವತಿ ಕೋಂ ಲೇಟ್ ವ್ಯಾಸರಾಜ,
(ಗಂಡನ ಹೆಸರನ್ನು ಅರ್ಜಿದಾರರು ಬಾಯಿಬಿಟ್ಟು ಹೇಳಿಲ್ಲ. ಗೋಡೆಯ ಮೇಲಿನ ಫೋಟೋ ಕಡೆ ಕೈ ತೋರಿಸಿದ್ದಾರೆ. ಮಗನ ಪಾಸ್‌ಪೋರ್ಟ್ ನೋಡಿ ಅರ್ಜಿ ಬರೆದವನು ತುಂಬಿದ್ದಾನೆ.)
ಕೇರಾಫ್ ಮಗ ರಘೋತ್ತಮ, ಗುಡ್ಡದಂಚಿನ ಕೊನೆಯ ಮನೆ, ಸರಟೋಗಾ, ಕ್ಯಾಲಿಫೋರ್ನಿಯಾ.

ಗೆ:
ಶ್ರೀ ಬಸವಂತಪ್ಪನವರು, ಮಾನ್ಯ ಅಧ್ಯಕ್ಷರು,
ಓಕ್ ಗುಡ್ಡ ನಿವಾಸಿಗಳ ಸಂಘ, ಸರಟೋಗಾ.

ವಿಷಯ: ಅರ್ಜಿದಾರರ ಹಿತ್ತಿಲಿಗೆ ದಿನವೂ ಬರುವ ನರಿಯನ್ನು ಬೇಟೆಗಾರರಿಂದ ಹೊಡೆಸದೆ ಅದರ ಪಾಡಿಗೆ ಬಿಡುವ ಬಗ್ಗೆ ಹಾಗೂ "ರೀ" ಎಂಬುದನ್ನು ಹೆಸರೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: (೧) ಸಂಘದ "ನರಿ ನಿವಾರಣೆ" ಸುತ್ತೋಲೆ.
(೨) ಕಳೆದ ಭಾನುವಾರ ಅರ್ಜಿದಾರರ ಹಿತ್ತಿಲಲ್ಲಿ ತಾವು ನಡೆಸಿದ ಸ್ಥಳ ಪರಿಶೀಲನೆ.
(೩) ಸದರಿ ಪರಿಶೀಲನೆಯ ಕಾಲಕ್ಕೆ ತಾವು ತಿಂದ ವಡೆಗಳು.

ಮಾನ್ಯರೇ,

ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರರು ಮೂಲತಃ ಮೈಸೂರಿನವರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಪತಿಯೊಂದಿಗೆ ಮಗನ ಮನೆಯಲ್ಲಿ ವಾಸವಾಗಿದ್ದರು. ಪತಿಯು ಕಳೆದ ವರ್ಷ ಮಾಘದಲ್ಲಿ ಇದೇ ಮನೆಯಲ್ಲಿ ತೀರಿಕೊಂಡ ಕಾರಣ, ಈ ಮಾಘದಲ್ಲಿ ಮೊದಲ ವರ್ಷದ ಶ್ರಾದ್ಧ ನಡೆಯಿತು. ಹಿರಿಯರಿಗೆಂದು ಇಟ್ಟ ಅನ್ನವನ್ನು ಕಾಗೆ ಮುಟ್ಟದ ಹೊರತು ಮನೆಯವರು ಎಲೆಯ ಮುಂದೆ ಕೂರುವಂತಿಲ್ಲ ಎಂಬುದು ತಮಗೂ ತಿಳಿದ ವಿಚಾರ. ಅಂದು ಅನ್ನ, ವಡೆ, ಪಾಯಸಗಳನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು ಮಗ ರಘೋತ್ತಮರು ಗಂಟಲು ಹರಿಯುವಂತೆ ಕಾಗೆಯನ್ನು ಕರೆದರು. ಒಂದು ಕಾಗೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಸನ್ಮಾನ್ಯ ಅಧ್ಯಕ್ಷರು ತಮ್ಮ ದ್ರಾಕ್ಷಿ ಚಪ್ಪರದ ರಕ್ಷಣೆಗೆಂದು ಹಾಕಿಸಿದ, ಗಿಡುಗನಂತೆ ಅರಚುವ ಯಂತ್ರದ ದೆಸೆಯಿಂದ ಕಾಗೆಗಳು ಗುಡ್ಡ ಬಿಟ್ಟು ಹೋಗಿ ಬಹಳ ದಿನಗಳಾಗಿದ್ದವು. ಕಾಗೆಯ ಗೈರುಹಾಜರಿಗೆ ಸಂಘವೇ ಹೊಣೆ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಹೊಟ್ಟೆ ಹಸಿದು ಎಲ್ಲರ ಮುಖ ಸಣ್ಣದಾಗಿದ್ದಾಗ ಓಕ್ ಮರದಿಂದ ಒಂದು ಬೂದು ನರಿ (ಈ ಸೀಮೆಯ ಬೂದು ನರಿಗಳು ಮರ ಹತ್ತುತ್ತವೆ) ಇಳಿದು ಬಂತು. ವಡೆ ತಿಂದಿತು. ಪಾಯಸ ನೆಕ್ಕಿತು. ನಂತರ ಮೃತರು ಪ್ರತಿದಿನ ಕೂರುತ್ತಿದ್ದ ಬೆತ್ತದ ಕುರ್ಚಿಯ ಮೇಲೆ ಹತ್ತಿ ಕೂತಿತು. ಸ್ಥಳದಲ್ಲಿ ಹಾಜರಿದ್ದ ಪುರೋಹಿತರನ್ನು ಕೇಳಲಾಗಿ, "ಶಾಸ್ತ್ರದಲ್ಲಿ ನರಿಗೆ ಜಾಗ ಇಲ್ಲ. ಹಾಗೆ ನೋಡಿದ್ರೆ ಕ್ಯಾಲಿಫೋರ್ನಿಯಾಕ್ಕೂ ಜಾಗ ಇಲ್ಲ. ಬಂದಿದ್ದು ಬಂತು, ಎಲೆ ಹಾಕಿ" ಎಂದರು.

೨. ಅಂದಿನಿಂದ ಸದರಿ ನರಿಯು ಮಧ್ಯಾಹ್ನದ ಕಾಫಿ ಹೊತ್ತಿಗೆ ತಪ್ಪದೆ ಬರುತ್ತಿದೆ. ಇದು ತಮ್ಮ ಯಜಮಾನರೇ ಎಂದು ಅರ್ಜಿದಾರರು ಕೆಳಕಂಡ ಸಾಕ್ಷ್ಯಗಳ ಮೇಲೆ ನಂಬಿರುತ್ತಾರೆ:

(ಅ) ಉಪ್ಪಿಟ್ಟು ಹಾಕಿದರೆ ಕರಿಬೇವನ್ನು ಬಿಟ್ಟು ಮಿಕ್ಕದ್ದನ್ನು ತಿನ್ನುತ್ತದೆ. ಮೃತರೂ ಎಷ್ಟು ಹೇಳಿದರೂ ಕೇಳದೆ ಕರಿಬೇವನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು.
(ಆ) ಮಗ ಕಾರು ನಿಲ್ಲಿಸುವ ಸದ್ದಾದರೆ ಕುರ್ಚಿ ಬಿಟ್ಟು ಎದ್ದು ಹೋಗುತ್ತದೆ. ತಂದೆ ಮಗನ ಸಂಬಂಧ ಮೊದಲಿನಿಂದಲೂ ಹಾಗೆಯೇ ಇತ್ತು.
(ಇ) ಅರ್ಜಿದಾರರು ಹೇಳುವ ಮಾತನ್ನು ಕಿವಿ ನಿಮಿರಿಸಿ ಕೊನೆಯವರೆಗೆ ಕೇಳುತ್ತದೆ.

ಇವುಗಳಲ್ಲಿ (ಇ) ಅಂಶವು ಅರ್ಜಿದಾರರ ವಾದಕ್ಕೆ ವ್ಯತಿರಿಕ್ತವಾಗಿದೆ. ಮೃತರು ದಾಂಪತ್ಯದ ಉದ್ದಕ್ಕೂ ಪತ್ನಿಯ ಒಂದು ಮಾತನ್ನೂ ಪೂರ್ತಿ ಕೇಳಿದವರಲ್ಲ. ಅರ್ಧಕ್ಕೇ "ಆಯ್ತು, ಆಯ್ತು" ಎಂದು ಪೇಪರು ಬಿಡಿಸುತ್ತಿದ್ದರು. ಇದನ್ನು ಅರ್ಜಿದಾರರ ಗಮನಕ್ಕೆ ತರಲಾಗಿ, ಸತ್ತ ಮೇಲಾದರೂ ಬುದ್ಧಿ ಬಂದಿರಬಹುದು ಎಂದು ಉತ್ತರಿಸಿದ್ದಾರೆ.

೩. ಹೀಗಿರುವಾಗ, ಕೆಳಗಿನ ರಸ್ತೆಯ ಮನೆಯೊಂದರಲ್ಲಿ ಕೋಳಿಗಳು ಕಾಣೆಯಾದ ಕಾರಣಕ್ಕೆ ಸಂಘವು ಮನೆಗೊಂದರಂತೆ ಮತ ಪಡೆದು, ನರಿಯನ್ನು ಹೊಡೆಯಲು ಡೇಲ್ ಎಂಬ ಲೈಸೆನ್ಸ್ ಇರುವ ಬೇಟೆಗಾರರನ್ನು ನೇಮಿಸಿತು. ಅರ್ಜಿದಾರರ ಮನೆಯ ಮತವನ್ನು ಮಗ ರಘೋತ್ತಮರು "ಹೊಡೆಯಬಹುದು" ಎಂದು ಚಲಾಯಿಸಿದ್ದಾರೆ. ಇವರು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ರೋಗಾಣುಗಳ ಮಧ್ಯೆ ಕೆಲಸ ಮಾಡುವವರಾದ್ದರಿಂದ ನರಿಯನ್ನು ನೋಡಿದರೆ ಅವರಿಗೆ ಕಾಣುವುದು ರೇಬೀಸು ಮಾತ್ರ. ತಾಯಿಯ ಮೇಲಿನ ಪ್ರೀತಿಯಿಂದಲೇ ಹಾಕಿದ ಮತ ಅದು ಎಂಬುದರಲ್ಲಿ ಅರ್ಜಿದಾರರಿಗೂ ಸಂಶಯವಿಲ್ಲ. ಅಂದು ಅಡುಗೆಮನೆಯಲ್ಲಿ ನಡೆದ ಮಾತುಕತೆ ಹೀಗಿದೆ:

"ಅಮ್ಮ, ಅದು ಕಚ್ಚಿದ್ರೆ ಏನ್ ಗತಿ? ಅದು ನರಿ ಅಮ್ಮ. ಅಪ್ಪ ಅಲ್ಲ."

"ನಂಗೂ ಗೊತ್ತು ಕಣೋ. ನಿಮ್ಮಪ್ಪ ಆಗಿದ್ರೆ ಇಷ್ಟು ಹೊತ್ತು ಕೂತು ಕೇಳ್ತಿದ್ರಾ?"

ಈ ಹೇಳಿಕೆಯು ಕಲಂ ೨ಕ್ಕೆ ವಿರುದ್ಧವಾಗಿದೆ ಎಂದು ತಾವು ಆಕ್ಷೇಪಿಸಬಹುದು. ಅರ್ಜಿದಾರರಿಗೆ ಎರಡೂ ನಿಜ. ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವವರನ್ನು ಇದರ ಮೇಲೆ ಪಾಟೀಸವಾಲು ಮಾಡುವುದು ಬೇಡವೆಂದು ಅರ್ಜಿ ಬರೆದವನು ಬಿಟ್ಟಿದ್ದಾನೆ.

೪. ಕೋಳಿಗಳ ವಿಚಾರ. ನರಿ ಕೋಳಿ ತಿಂದಿದೆ, ಇಲ್ಲವೆನ್ನುವುದಿಲ್ಲ. ಕೋಳಿಗೂಡಿಗೆ ಬಾಗಿಲಿಲ್ಲದಿದ್ದರೆ ನರಿ ಇನ್ನೇನು ಏಕಾದಶಿ ಮಾಡೀತೇ? ಅರ್ಜಿದಾರರ ಹಿತ್ತಿಲಲ್ಲಿ ವಡೆ ತಿನ್ನುತ್ತಾ ಡೇಲ್ ಅವರೇ ಹೇಳಿದಂತೆ, ಈ ನರಿಯನ್ನು ಹೊಡೆದರೆ ಖಾಲಿ ಮರಕ್ಕೆ ಇನ್ನೊಂದು ನರಿ ಬರುತ್ತದೆ. ಗೂಡಿಗೊಂದು ಗಟ್ಟಿ ಬಾಗಿಲು ಹಾಕಿಸಿದರೆ ತನ್ನ ಅಗತ್ಯವೇ ಇಲ್ಲ. ಹೊಡೆಯಲೇಬೇಕೆಂದರೆ ನರಳಿಸದೆ ಒಂದೇ ಗುಂಡಿಗೆ ಹೊಡೆಯುವುದಾಗಿಯೂ ಅವರು ಹೇಳಿದ್ದಾರೆ. ಬೇಟೆಗಾರನೇ ಬೇಡವೆನ್ನುವಾಗ ಬೇಟೆ ಬೇಕೆನ್ನುತ್ತಿರುವವರು ಯಾರು ಎಂದು ಕೇಳಲಾಗಿ, ತಾವು ಹೇಳಿದ್ದು:

"ನೋಡ್ರಿ ಅಮ್ಮಾರ, ನನಗೇನು ನರಿ ಮ್ಯಾಲ ಸಿಟ್ಟಿಲ್ರಿ. ಆದ್ರ ಓಟ್ ಬಿದ್ದಾವ. ಓಟ್ ಬಿದ್ದ ಮ್ಯಾಲ ನಾ ಏನ್ ಮಾಡ್ಲಿ, ನೀವ ಹೇಳ್ರಿ?"

ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟವೆನ್ನುವ ಸೀಮೆಯಿಂದ ಬಂದವರು ನಾವು. ಹೊಡೆದವರಿಗೆ ಏನಾಗುತ್ತದೆ ಎಂದು ನಮ್ಮ ಹಿರಿಯರು ಹೇಳಿಲ್ಲ, ಏಕೆಂದರೆ ಅವರಿಗೆ ಮತ ಹಾಕಿಸುವ ಸಂಘವಿರಲಿಲ್ಲ.

೫. ಸುತ್ತೋಲೆಯಲ್ಲಿ ಒಂದು ಷರತ್ತಿದೆ: ಯಾರ ಮನೆಯ ನಾಯಿಗೂ ಅಪಾಯವಾಗಬಾರದೆಂಬ ಉದ್ದೇಶದಿಂದ, "ಹೆಸರು ಹಿಡಿದು ಕರೆದರೆ ಬರುವ ಯಾವುದೇ ಪ್ರಾಣಿಗೆ ಗುಂಡು ಹಾರಿಸತಕ್ಕದ್ದಲ್ಲ." ಅರ್ಜಿದಾರರು ಇದರಡಿ ವಿನಾಯಿತಿ ಕೇಳಿದ್ದರಿಂದ ಕಳೆದ ಭಾನುವಾರ ತಾವು, ಡೇಲ್ ಅವರೊಂದಿಗೆ ಪರಿಶೀಲನೆಗೆ ಬಂದಿರಿ. ಅಂದು ನಡೆದದ್ದು ಈ ಕೆಳಗಿನಂತಿದೆ.

ಅರ್ಜಿದಾರರು ಮೆಟ್ಟಿಲ ಮೇಲೆ ನಿಂತು "ರೀ... ಏನೂಂದ್ರೆ, ಬನ್ನಿ" ಎಂದು ಕರೆದರು. ನರಿಯು ಕೂಡಲೇ ಮರದಿಂದಿಳಿದು ಬಂದು ಕುರ್ಚಿಯಲ್ಲಿ ಕೂತಿತು. ತಾವು ಇದನ್ನು ಒಪ್ಪಲಿಲ್ಲ. "ರೀ ಅನ್ನೂದು ಹೆಸರಲ್ರಿ ಅಮ್ಮಾರ. ನಾ ಇಡೀ ದಿವಸ ಎಲ್ಲಾರಿಗೂ ರೀ ಅಂತೀನಿ. ಖರೇ ಹೆಸರು ಹೇಳಿ ಕರೀರಿ" ಎಂದಿರಿ.

ಖರೇ ಹೆಸರು ಹೇಳುವಂತಿಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಮನೆತನ ಅದು. ಜನಗಣತಿಯವರು ಬಂದಾಗಲೂ ಅರ್ಜಿದಾರರು ಪಕ್ಕದ ಮನೆಯವರಿಂದ ಹೇಳಿಸಿದವರು. ಮಗನನ್ನು ಕರೆಯಲು ಕೇಳಲಾಗಿ, ಅಪ್ಪನನ್ನು ಹೆಸರು ಹಿಡಿದು ಕೂಗುವುದು ಹೇಗೆ ಎಂದು ಅವರು ನೆಲ ನೋಡಿದರು. ಮೊಮ್ಮಗಳು ಗಾರ್ಗಿ, "ದಿಸ್ ಈಸ್ ಸೋ ವಿಯರ್ಡ್, ಅಜ್ಜಿ" ಎಂದು ಹೇಳಿ ಒಳಗೆ ಹೋದಳು.

ಮೃತರನ್ನು ಹೆಸರು ಹಿಡಿದು, ಅದೂ ಏಕವಚನದಲ್ಲಿ ಕರೆಯುವ ಹಕ್ಕಿರುವ ವ್ಯಕ್ತಿ ಭೂಮಿಯ ಮೇಲೆ ಒಬ್ಬರೇ ಉಳಿದಿದ್ದಾರೆ: ಮೈಸೂರಿನಲ್ಲಿರುವ ಅವರ ಅಕ್ಕ ಕೃಷ್ಣವೇಣಮ್ಮನವರು. ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಲಾಯಿತು. ವಿಷಯವನ್ನು ಪೂರ್ತಿ ಕೇಳಿಸಿಕೊಳ್ಳದೆ ಅವರು, "ಲೋ ವ್ಯಾಸೂ! ಎಲ್ಲಿ ಹಾಳಾಗಿ ಹೋದ್ಯೋ? ಬಾರೋ ಇಲ್ಲಿ!" ಎಂದು ಕೂಗಿದರು. ನರಿಯು ಎದ್ದು, ಬಾಲ ಮುದುರಿಕೊಂಡು, ಓಕ್ ಮರದ ತುದಿಗೆ ಏರಿಬಿಟ್ಟಿತು. ಅಕ್ಕನ ದನಿ ಕೇಳಿದರೆ ಮೃತರೂ ಹೀಗೆಯೇ ಅಟ್ಟ ಹತ್ತುತ್ತಿದ್ದರು ಎಂದು ಅರ್ಜಿದಾರರು ಸ್ಥಳದಲ್ಲಿಯೇ ಕಣ್ಣೊರೆಸಿಕೊಂಡರು. ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೇ? ಆದರೆ "ಕರೆದರೆ ಬರುವ" ಎಂದು ಷರತ್ತಿನಲ್ಲಿರುವುದರಿಂದ, "ಕರೆದರೆ ಓಡಿಹೋಗುವ" ಪ್ರಾಣಿಗೆ ವಿನಾಯಿತಿ ಇಲ್ಲವೆಂದು ತಾವು ತೀರ್ಪು ಕೊಟ್ಟು, ಮುಂದಿನ ಭಾನುವಾರ ಕೊನೆಯ ಅವಕಾಶವೆಂದು ಹೇಳಿ ಹೋದಿರಿ.

೬. ಆದಕಾರಣ ಅರ್ಜಿದಾರರ ಪಾಡು ಬಿಸಿತುಪ್ಪದಂತಾಗಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಸರು ಹೇಳಿದರೆ ಆಯಸ್ಸು ಕಡಿಮೆ. ಹೇಳದಿದ್ದರೆ ಗುಂಡು. ಅಲ್ಲದೆ ಗುಂಡು ಬಿದ್ದ ಪಕ್ಷದಲ್ಲಿ ಮನೆಯವರಿಗೆ ಮತ್ತೆ ಸೂತಕ ಬರುತ್ತದೆಯೇ, ಒಬ್ಬರೇ ವ್ಯಕ್ತಿಗೆ ಎರಡನೇ ಮರಣ ಪ್ರಮಾಣಪತ್ರ ಕೊಡುವ ಕಚೇರಿ ಯಾವುದು ಎಂಬ ಬಗ್ಗೆ ಸುತ್ತೋಲೆಯು ಮೌನವಾಗಿದೆ.

ಇನ್ನೊಂದು ಮಾತು. ಓಟ್ಸ್ ತನಗೆ ಸೇರುವುದಿಲ್ಲ, ಮೊಣಕಾಲು ಹಿಡಿದುಕೊಳ್ಳುತ್ತದೆ ಎಂಬ ಎರಡು ಸಂಗತಿಗಳನ್ನು ಅರ್ಜಿದಾರರು ಈ ವಾರ, ಮಗ ರಜೆ ಹಾಕಿ ಮನೆಯಲ್ಲೇ ಉಳಿದ ದಿನ, ನರಿಯೊಬ್ಬರಿಗೇ ಹೇಳಿದ್ದರು. ಮರುದಿನ ತಿಂಡಿಗೆ ಓಟ್ಸ್ ಬದಲು ಅವಲಕ್ಕಿ ಬಂತು. ಸಂಜೆ ಮಗ ಮೊಣಕಾಲಿನ ಮುಲಾಮು ತಂದಿಟ್ಟರು. ನರಿ ಹೇಳಿರಲಿಕ್ಕಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಇನ್ನೊಬ್ಬರು ನಿಂತು ಕೇಳುತ್ತಿದ್ದಾರೆಂದು ಅರ್ಜಿದಾರರಿಗೆ ಗೊತ್ತಾಗಿದೆ. ಗೊತ್ತಾಗಿದೆ ಎಂದು ತೋರಿಸಿಕೊಂಡಿಲ್ಲ. ತೋರಿಸಿಕೊಂಡರೆ ಅವರೂ ಎದ್ದು ಹೋದಾರು ಎಂಬ ಭಯ.

ಆದ್ದರಿಂದ ಮಾನ್ಯರು ದಯಮಾಡಿ ನರಿಯನ್ನು ಬದುಕಲು ಬಿಟ್ಟು, ಕೋಳಿಗೂಡಿಗೆ ಬಾಗಿಲು ಹಾಕಿಸಿ, "ರೀ" ಎಂಬುದನ್ನು ಹೆಸರೆಂದು ಒಪ್ಪಿಕೊಳ್ಳಬೇಕಾಗಿ ಪ್ರಾರ್ಥನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ವೇದವತಿ (ಸಹಿ)

ಬರೆದವನು: ಜಯರಾಮ್, ನಿವೃತ್ತ ಶಿರಸ್ತೇದಾರ್, ನಂಜನಗೂಡು ತಾಲ್ಲೂಕು ಕಚೇರಿ; ಹಾಲಿ ವಾಸ ಪ್ಲೆಸೆಂಟನ್, ಮಗಳ ಮನೆ. ನರಿಯನ್ನು ಅರ್ಜಿದಾರರು "ಅವರು" ಎಂದೇ ಹೇಳಿದ್ದು, "ಅದು" ಎಂದು ಬರೆದ ತಪ್ಪು ನನ್ನದು.

ಲಗತ್ತುಗಳು:
೧. ಮೃತರ ಫೋಟೋ ಮತ್ತು ನರಿಯ ಫೋಟೋ (ಹಿಂಬದಿಯಲ್ಲಿ ಯಾವುದು ಯಾವುದೆಂದು ಬರೆದಿದೆ).
೨. ತಟ್ಟೆಯ ಅಂಚಿನಲ್ಲಿ ಸಿಕ್ಕ ಕರಿಬೇವು.
೩. ಮಗ ರಘೋತ್ತಮರು ತಮ್ಮ ಮತವನ್ನು ವಾಪಸು ಪಡೆದ ಪತ್ರ. ಒಂದು ಮತದಿಂದ ಫಲಿತಾಂಶ ಬದಲಾಗದೆಂದು ಅವರಿಗೆ ತಿಳಿದಿದೆ. ಪತ್ರದ ವಿಚಾರ ತಾಯಿಗೆ ತಿಳಿದಿಲ್ಲ.

ವಿಶೇಷ ಕೋರಿಕೆ: ಮೇಲ್ಕಂಡ ಪ್ರಾರ್ಥನೆಯನ್ನು ತಿರಸ್ಕರಿಸಿದ ಪಕ್ಷದಲ್ಲಿ, ಮುಂದಿನ ಭಾನುವಾರ ಅರ್ಜಿದಾರರು ತಾವೇ ಹೆಸರು ಹಿಡಿದು ಕರೆಯಲು ಒಪ್ಪಿದ್ದಾರೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ನಡೆದಿದೆ. ಸದ್ಯಕ್ಕೆ ಮೊದಲ ಅಕ್ಷರದಲ್ಲಿದ್ದಾರೆ. ಆ ಹೊತ್ತಿನಲ್ಲಿ ಅಧ್ಯಕ್ಷರು, ಡೇಲ್ ಅವರು ಮತ್ತು ಮಗ, ಮೂವರೂ ಹಿತ್ತಿಲಿಗೆ ಬೆನ್ನು ಮಾಡಿ ರಸ್ತೆ ನೋಡುತ್ತಾ ನಿಲ್ಲತಕ್ಕದ್ದು. ಕರೆದಾಗ ನರಿ ಬಾರದಿದ್ದರೆ, ಬಂದೂಕು ಎತ್ತುವ ಮೊದಲು ದಯವಿಟ್ಟು ಇನ್ನೊಮ್ಮೆ ಕರೆಯಲು ಅವಕಾಶ ಕೊಡಬೇಕು. ಮೊದಲನೇ ಸಲ ದನಿ ಹೊರಡದೇ ಇರಬಹುದು.